ಬೆಟ್ಟದ ಕೋಟಿನ ಅಳತೆ

ನಮ್ಮೂರಿನಲ್ಲಿ ದೋನ್ ಗೋಯೋ ಎಂದರೆ ಬೆಂಕಿ ಉಗುಳುವ ಬೆಟ್ಟ. ನಕ್ಷೆಯಲ್ಲಿ ಅದಕ್ಕೆ ಪೊಪೊಕಾತೆಪೆತ್ಲ್ ಎಂಬ ನಾಲಿಗೆ ತೊಡರುವ ಹೆಸರಿದೆ. ಟಿ.ವಿ.ಯವರು, ಸರ್ಕಾರದವರು ಆ ಹೆಸರನ್ನೇ ಕಷ್ಟಪಟ್ಟು ಹೇಳುತ್ತಾರೆ. ನಮಗೆ ಮಾತ್ರ ಅವರು ದೋನ್ ಗ್ರೆಗೊರಿಯೊ, ಸಲಿಗೆಗೆ ದೋನ್ ಗೋಯೋ. ಸಂತ ಗ್ರೆಗೊರಿಯೊನ ದಿನ, ಮಾರ್ಚ್ ಹನ್ನೆರಡಕ್ಕೆ, ಅವರ ಹುಟ್ಟುಹಬ್ಬ. ಅವತ್ತು ಇಡೀ ಊರು ಹೊಸ ಬಟ್ಟೆ, ಹಣ್ಣು, ಕತ್ತಾಳೆ ಹೆಂಡ, ಟರ್ಕಿ ಕೋಳಿಯ ಕರಿಗೊಜ್ಜು ಹೊತ್ತುಕೊಂಡು, ಬ್ಯಾಂಡ್ ಬಾರಿಸಿಕೊಂಡು ಬೆಟ್ಟ ಹತ್ತುತ್ತದೆ. ಬಾಯಲ್ಲಿ ಬೆಂಕಿ ಇಟ್ಟುಕೊಂಡವರ ಪಕ್ಕದಲ್ಲಿ ಬಾಳಬೇಕಾದವರು ಅವರ ಹುಟ್ಟುಹಬ್ಬವನ್ನು ಮರೆಯುವುದಿಲ್ಲ.

ಅದೇ ಮಾರ್ಚ್ ಹನ್ನೆರಡಕ್ಕೆ, ಅದೇ ಊರಿನಲ್ಲಿ ಹುಟ್ಟಿ, ಅದೇ ಹೆಸರು ಇಡಿಸಿಕೊಂಡ ಮನುಷ್ಯನೊಬ್ಬನಿದ್ದಾನೆ. ಅವನಮ್ಮ ಇದನ್ನು ಭಾಗ್ಯ ಎಂದುಕೊಂಡಳಂತೆ. ಪಾಪ, ಅವಳಿಗೇನು ಗೊತ್ತು? ಗೋಯೋ ಎಂಬ ಹೆಸರು ಆಗಲೇ ಬೆಟ್ಟದ ಪಾಲಾಗಿತ್ತು. ಮಗುವಿಗೆ ಉಳಿದದ್ದು ಗೋಯಿತೋ, ಅಂದರೆ ಗೋಯೋ ಮರಿ. ಊರಿನಲ್ಲಿ ಮೀಸೆ ಬೆಳ್ಳಗಾದ ಗಂಡಸರೆಲ್ಲ ತಾವಾಗಿಯೇ ‘ದೋನ್’ ಆಗುತ್ತಾರೆ. ಕುಡುಕರೂ ಆಗುತ್ತಾರೆ. ಇವನೊಬ್ಬನಿಗೆ ಮಾತ್ರ ಆ ಗೌರವ ಕೊಡಲು ಬರುವುದಿಲ್ಲ. ‘ದೋನ್ ಗೋಯೋ ನಿನ್ನೆ ರಾತ್ರಿ ಕೆಮ್ಮುತ್ತಿದ್ದರು’ ಎಂದು ಯಾರಾದರೂ ಅಂದರೆ ಊರಿಗೆ ಊರೇ ಗಂಟುಮೂಟೆ ಕಟ್ಟೀತು. ಹಾಗಾಗಿ ಅರವತ್ತು ಮುಟ್ಟಿದರೂ ಅವನು ಗೋಯಿತೋನೇ.

ಗೋಯಿತೋನ ಕೆಲಸ ಚಾರಣಕ್ಕೆ ಬಂದವರಿಗೆ ದಾರಿ ತೋರಿಸುವುದು. ಬೆಟ್ಟದ ಸುತ್ತಲಿನ ಕಾಡೆಲ್ಲ ಸಂರಕ್ಷಿತ. ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದ ಮುಂದೆ ಕಾಲಿಡಕೂಡದು ಎಂಬುದಕ್ಕೆ ಫಲಕಗಳಿವೆ, ಅವುಗಳ ಪಕ್ಕ ಪಾರ್ಕಿನ ಕಾವಲಿನವರಿದ್ದಾರೆ. ರಾಜಧಾನಿಯಿಂದ ಬಂದವರು ಎರಡೆರಡು ಕೋಲು ಊರಿಕೊಂಡು, ಪೈನ್ ಮರಗಳ ನಡುವೆ ಏದುಸಿರು ಬಿಡುತ್ತ ‘ಇನ್ನೆಷ್ಟು ದೂರ’ ಎಂದು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: ಇಲ್ಲೇ, ಆ ದಿಬ್ಬದ ಹಿಂದೆ. ಒಮ್ಮೆ ಒಬ್ಬ ಹೆಂಗಸು ಬೂದಿಮರಳಿನಲ್ಲಿ ಮೊಣಕಾಲುದ್ದ ಹೂತು ನಿಂತು, ಬೆಳಗಿನಿಂದ ಅದೇ ದಿಬ್ಬ ಹೇಳುತ್ತಿದ್ದೀಯಲ್ಲ ಎಂದು ಬೈದಳು. ಗೋಯಿತೋ ಟೋಪಿ ತೆಗೆದು, “ದಿಬ್ಬ ಒಂದೇ ಅಮ್ಮಾ, ಅದರ ಹಿಂದೆ ಅನ್ನೋದು ಸ್ವಲ್ಪ ಜಾಸ್ತಿ ಇದೆ ಅಷ್ಟೇ” ಎಂದ. ಆಕೆ ನಕ್ಕುಬಿಟ್ಟಳು. ನಗದವರೂ ಇದ್ದಾರೆ. ಅವರು ಮರುವರ್ಷ ಬೇರೆಯವನನ್ನು ಕರೆದುಕೊಂಡು ಹೋಗಿ, ಅವನಿಂದಲೂ ಅದೇ ದಿಬ್ಬದ ಮಾತು ಕೇಳುತ್ತಾರೆ.

ಚಾರಣಿಗರು ಕಾಣದ ಇನ್ನೊಂದು ಕೆಲಸವೂ ಅವನ ಕೊರಳಿಗೆ ಬಿದ್ದಿತ್ತು. ಪ್ರತಿ ವರ್ಷ ಬೆಟ್ಟಕ್ಕೆ ಹೊಸ ಸೂಟು ಹೊಲಿಸಬೇಕು. ಯಾವ ಬಣ್ಣ, ಎಷ್ಟು ಜೇಬು ಎಂಬುದನ್ನು ಮಳೆ ಕರೆಯುವ ಮುದುಕ ಎಪಿಗ್ಮೆನಿಯೊನ ಕನಸಿನಲ್ಲಿ ಬಂದು ಬೆಟ್ಟವೇ ಹೇಳುತ್ತದೆ. ಒಂದು ವರ್ಷ ಕಪ್ಪು ಕನ್ನಡಕ ಕೇಳಿತ್ತು. ಇನ್ನೊಂದು ವರ್ಷ ಜಿಪ್ ಇರುವ ಸ್ವೆಟರ್ ಕೇಳಿತು, ಅಂಥದ್ದೇ ಸ್ವೆಟರ್ ಸಂತೆಗೆ ಬಂದ ಮಾರನೆಯ ದಿನವೇ. ಎಪಿಗ್ಮೆನಿಯೊನ ಮುಖ ನೋಡಿ ಯಾರೂ ಏನೂ ಕೇಳಲಿಲ್ಲ. ಆದರೆ ಅಳತೆ? ಬೆಟ್ಟದ ಸೊಂಟಕ್ಕೆ ಟೇಪು ಹಿಡಿಯುವವರು ಯಾರು? ಊರಿನ ದರ್ಜಿ ಕ್ರೆಸೆನ್ಸಿಯಾ ಹಿಂದೆಂದೋ ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು. ಹೆಸರು ಒಂದೇ, ದಿನ ಒಂದೇ, ಕನಸಿನಲ್ಲಿ ಬರುವ ದೋನ್ ಗೋಯೋ ಕುಳ್ಳಗೆ, ಹೊಟ್ಟೆ ಮುಂದೆ ಬಿಟ್ಟುಕೊಂಡಿದ್ದಾರೆ ಎಂದು ಎಪಿಗ್ಮೆನಿಯೊ ಬೇರೆ ಹೇಳುತ್ತಾನೆ. ಇನ್ನು ಹುಡುಕುವುದೇನು? ಫೆಬ್ರವರಿ ಬಂತೆಂದರೆ ಗೋಯಿತೋ ಅವಳ ಮಣೆಯ ಮೇಲೆ ಕೈ ಚಾಚಿ ನಿಲ್ಲುತ್ತಿದ್ದ, ಅವಳು ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಅವನನ್ನು ಚುಚ್ಚುತ್ತಿದ್ದಳು. ಒಳ್ಳೊಳ್ಳೆಯ ಸೂಟುಗಳೆಲ್ಲ ಅವನ ಮೈಮೇಲೆ ಒಂದಿಷ್ಟು ಹೊತ್ತು ಇದ್ದು, ಆಮೇಲೆ ಮಡಿಕೆಯಾಗಿ, ಅವನದೇ ಹೇಸರಗತ್ತೆಯ ಬೆನ್ನೇರಿ ಬೆಟ್ಟಕ್ಕೆ ಹೋಗುತ್ತಿದ್ದವು.

ಮದುವೆಗೂ ಅವನು ತೊಟ್ಟಿದ್ದು ಬೆಟ್ಟದ ಸೂಟೇ. ಆ ವರ್ಷ ಅದು ಬೇಗ ಸಿದ್ಧವಾಗಿತ್ತು. ಬೆವರು ಹತ್ತಿಸಬಾರದು ಎಂಬ ಷರತ್ತಿನ ಮೇಲೆ ಎಪಿಗ್ಮೆನಿಯೊ ಒಪ್ಪಿದ. ಹಾಗಾಗಿ ಮದುಮಗ ಕುಣಿಯಲಿಲ್ಲ. ಮದುಮಗಳು ಎರ್ಲಿಂಡಾ ಒಬ್ಬಳೇ ಸುತ್ತ ಕುಣಿದಳು, ಇವನು ನಡುವೆ ಕಂಬ ನಿಂತ ಹಾಗೆ ನಿಂತಿದ್ದ. ಈಗಲೂ ಎರ್ಲಿಂಡಾ, ನಾನು ಮದುವೆಯಾಗಿದ್ದು ಬೆಟ್ಟವನ್ನೋ ಇವನನ್ನೋ ಗೊತ್ತಿಲ್ಲ ಅನ್ನುತ್ತಾಳೆ.

ಎರ್ಲಿಂಡಾಳ ಕರಿಗೊಜ್ಜಿಗೆ ನಮ್ಮ ಕಡೆಯಲ್ಲಿ ಎದುರಿಲ್ಲ. ಒಣಮೆಣಸಿನಕಾಯಿ, ಎಳ್ಳು, ಚಾಕೊಲೇಟು ಎಲ್ಲ ಹುರಿದು, ಮಂಡಿಯೂರಿ ಕಲ್ಲಿನ ಮೇಲೆ ಅರೆದು ಮಾಡುತ್ತಾಳೆ. ಅಷ್ಟು ಶ್ರಮದ ಅಡುಗೆ ವರ್ಷಕ್ಕೊಮ್ಮೆ ಮಾತ್ರ, ಅದೂ ಬೆಟ್ಟಕ್ಕೆ. ತಳದಲ್ಲಿ ಹತ್ತಿದ್ದನ್ನು ರೊಟ್ಟಿಯಲ್ಲಿ ಒರೆಸಿ ಗೋಯಿತೋನ ಕೈಗಿಡುತ್ತಿದ್ದಳು. ಅವನ ಹುಟ್ಟುಹಬ್ಬದ ಊಟ ಅದೇ. ಹುಟ್ಟುಹಬ್ಬದ ಬೆಳಗಿನ ಹಾಡೂ ಅಷ್ಟೇ. ‘ಗ್ರೆಗೊರಿಯೊ’ ಎಂದು ಇಡೀ ಊರು ಬಾಯಿಬಿಟ್ಟು ಹಾಡುತ್ತದೆ, ಎಲ್ಲರ ಮುಖ ಹೊಗೆಯ ಕಡೆಗೆ. ಚಿಕ್ಕಂದಿನಲ್ಲಿ ಅವನು ಜನರ ಮುಂದೆ ಹೋಗಿ ನಿಂತು, ಹಾಡು ತನಗೇ ತಗಲುವ ಹಾಗೆ ನೋಡಿಕೊಳ್ಳುತ್ತಿದ್ದನಂತೆ. ಅಡ್ಡ ನಿಂತಿದ್ದಕ್ಕೆ ಯಾರೋ ತಲೆಗೆ ಮೊಟಕಿದ ಮೇಲೆ ಬಿಟ್ಟ.

ಅರವತ್ತು ತುಂಬುವ ವರ್ಷ ಅವನಿಗೆ ಅದೇನಾಯಿತೋ. ಒಂದು ಸಂಜೆ ಒಲೆಯ ಪಕ್ಕ ಕೂತು, ಈ ಸಲ ನನ್ನ ಹುಟ್ಟುಹಬ್ಬ ಮನೆಯಲ್ಲೇ ಮಾಡೋಣ ಎಂದ. ಗೊಜ್ಜು ತಟ್ಟೆಯಲ್ಲಿ ಬೇಕು, ತಳದ್ದಲ್ಲ. ಹಾಡು ತನ್ನ ಮುಖ ನೋಡಿಕೊಂಡು ಹಾಡಬೇಕು. ಒಂದೇ ಒಂದು ಸಲ. ಎರ್ಲಿಂಡಾ ಅರೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಬ್ಯಾಂಡಿನವರು ಬೆಟ್ಟಕ್ಕೆ ಹೋಗುತ್ತಾರೆ, ಗೊಜ್ಜು ಬೆಟ್ಟಕ್ಕೆ ಹರಕೆ, ನಾನು ಯಾರ ಜೊತೆ ಹಾಡಲಿ ಎಂದಳು. ಅವನು ಬಿಡದೆ ಇದ್ದಾಗ ಅವಳಿಗೆ ರೇಗಿತು.

“ಅವರಿಗೆ ಸಿಟ್ಟು ಬಂದ್ರೆ ಬೂದಿ ಬೀಳುತ್ತೆ. ನಿಂಗೆ ಸಿಟ್ಟು ಬಂದ್ರೆ ಏನಯ್ಯಾ ಬೀಳುತ್ತೆ?”

ಗೋಯಿತೋ ಬಹಳ ಹೊತ್ತು ಯೋಚಿಸಿದ. ಏನೂ ಬೀಳುವುದಿಲ್ಲ ಎಂಬುದು ನಿಜವಾಗಿತ್ತು. ಆ ನಿಜ ಅವನ ಎದೆಗೆ ನಾಟಿತು. ಈ ಸಲ ನಾನು ಬೆಟ್ಟಕ್ಕೆ ಬರುವುದಿಲ್ಲ, ಬೇಕಾದರೆ ನೀವು ನೀವೇ ಹೋಗಿ ಎಂದು ಹೇಳಿ ಮಲಗಿಬಿಟ್ಟ.

ಹುಟ್ಟುಹಬ್ಬದ ಬೆಳಿಗ್ಗೆ ಊರೆಲ್ಲ ಚರ್ಚಿನ ಮುಂದೆ ನೆರೆದರೂ ಅವನು ಕಂಬಳಿ ಹೊದ್ದೇ ಇದ್ದ. ಹಟ ಗೆದ್ದೀತು ಅನ್ನುವಷ್ಟರಲ್ಲಿ ಹೇಸರಗತ್ತೆ ಚಾತಾ ಕೈಕೊಟ್ಟಳು. ಚಾತಾಗೆ ಗೋಯಿತೋ ಒಬ್ಬನೇ ಮನುಷ್ಯ, ಉಳಿದವರೆಲ್ಲ ಒದೆಯಲಿಕ್ಕೆ ಇರುವವರು. ಬ್ಯಾಂಡಿನಲ್ಲಿ ತುತ್ತೂರಿ ಊದುವ ಫಿದೆನ್ಸಿಯೊ ಅವಳ ಬೆನ್ನಿಗೆ ಗೊಜ್ಜಿನ ಮಡಕೆ ಕಟ್ಟಲು ಹೋಗಿ ತೊಡೆಗೆ ಒದೆಸಿಕೊಂಡ. ಹೊರಗಿನ ಗಲಾಟೆ ಕೇಳಿ ಗೋಯಿತೋ ಎದ್ದು ಬಂದ. ಜನರಿಗಾಗಿ ಅಲ್ಲ, ಮಡಕೆಗಾಗಿ. ಅದರೊಳಗಿದ್ದದ್ದು ಎರ್ಲಿಂಡಾಳ ಇಡೀ ವಾರದ ಮೊಣಕಾಲು ನೋವು. ಹಗ್ಗ ಬಿಗಿದು, ಯಾರ ಮುಖವನ್ನೂ ನೋಡದೆ, ಚಾತಾಳ ಲಗಾಮು ಹಿಡಿದು ಮುಂದೆ ನಡೆದ. ಬಟ್ಟೆಯಲ್ಲಿ ಸುತ್ತಿದ ಹೊಸ ಸೂಟು ಕ್ರೆಸೆನ್ಸಿಯಾಳ ತಲೆಯ ಮೇಲಿತ್ತು. ಈ ವರ್ಷದ್ದು ಕಂದು ಬಣ್ಣದ್ದು, ಒಳಗೆ ಎರಡು ಜೇಬು.

ಪೈನ್ ಕಾಡು ದಾಟಿ, ಆಳೆತ್ತರದ ಹುಲ್ಲು ದಾಟಿ ಬರುವಷ್ಟರಲ್ಲಿ ಬ್ಯಾಂಡಿನವರಿಗೆ ಊದಲು ಉಸಿರೇ ಉಳಿದಿರಲಿಲ್ಲ. ಹುಲ್ಲಿನ ಮೇಲೆಲ್ಲ ಹೊಸ ಬೂದಿ. ಇನ್ನೆಷ್ಟು ದೂರ ಎಂದು ಹಿಂದಿನಿಂದ ಯಾರೋ ಕೇಳಿದರು. ದಿಬ್ಬದ ಮಾತೂ ಗೋಯಿತೋನ ಬಾಯಿಂದ ಬರಲಿಲ್ಲ. ಎರ್ಲಿಂಡಾ ಒಮ್ಮೆ ಪಕ್ಕಕ್ಕೆ ಬಂದು ನೋಡಿ, ಮತ್ತೆ ಹಿಂದುಳಿದಳು.

ಬೂದಿಮರಳು ಶುರುವಾಗುವ ಕಡೆ ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಹಗ್ಗದ ಆಚೆ ಪಾರ್ಕಿನ ಕಾವಲಿನ ನಯೇಲಿ ನಿಂತಿದ್ದಳು. ಪಕ್ಕದೂರಿನ ಹುಡುಗಿ, ಎಪಿಗ್ಮೆನಿಯೊನ ಸ್ನೇಹಿತನ ಮೊಮ್ಮಗಳು. ಬೆಟ್ಟ ಬೆಳಗಿನ ಜಾವದಿಂದ ಕಲ್ಲು ಉಗುಳುತ್ತಿದೆ, ಕಾಣಿಕೆ ಇಡುವ ಶಿಲುಬೆಯ ಗವಿಯವರೆಗೆ ಇವತ್ತು ಯಾರನ್ನೂ ಬಿಡುವ ಹಾಗಿಲ್ಲ ಎಂದಳು. ಎಪಿಗ್ಮೆನಿಯೊ ಎದೆಯುಬ್ಬಿಸಿದ. ನಾವು ಚಾರಣಕ್ಕೆ ಬಂದವರಲ್ಲ, ಹುಟ್ಟುಹಬ್ಬಕ್ಕೆ ಬಂದವರು, ಕರೆಸಿಕೊಂಡವರು ಅವರೇ ಎಂದು ವಾದಿಸಿದ. ಅಷ್ಟರಲ್ಲಿ ಮೇಲೆ ಗುಡುಗಿನಂಥ ಸದ್ದಾಗಿ, ಬೂದುಬಣ್ಣದ ಹೊಗೆ ಆಕಾಶಕ್ಕೆ ಎದ್ದಿತು. ನಯೇಲಿ ಅದರ ಕಡೆ ಕೈ ತೋರಿಸಿದಳು.

“ಹುಟ್ಟುಹಬ್ಬದೋರೇ ಇವತ್ತು ಯಾರೂ ಬರಬೇಡಿ ಅಂತಿದಾರಲ್ಲ, ತಾತ.”

ಸರಿ, ಇಲ್ಲೇ ಇಟ್ಟು ಹೋಗುತ್ತೇವೆ ಎಂದ ಮುದುಕ. ಅದೂ ಆಗದು ಎಂದಳು ನಯೇಲಿ. ಇದು ಸಂರಕ್ಷಿತ ಜಾಗ, ತಂದದ್ದನ್ನೆಲ್ಲ ವಾಪಸು ಒಯ್ಯಬೇಕು, ಊಟ ಬಿಟ್ಟು ಹೋದರೆ ಕಾಡುನಾಯಿಗಳು ಬರುತ್ತವೆ. ಇದನ್ನು ಕೇಳಿ ಜನರ ಬಣ್ಣ ಬದಲಾಯಿತು. ಬೆಟ್ಟಕ್ಕೆಂದು ಹೊತ್ತದ್ದನ್ನು ಮನೆಗೆ ಹಿಂದೆ ತರುವುದುಂಟೇ? ತಂದ ವರ್ಷ ಮಳೆಯೇ ಆಗಲಿಲ್ಲ ಎಂದು ಒಬ್ಬರು, ತಂದವನ ಹಸು ಸತ್ತಿತ್ತು ಎಂದು ಇನ್ನೊಬ್ಬರು. ಒಯ್ಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ಮುಂದೆ ಸರ್ಕಾರ, ಹಿಂದೆ ಶಾಪ. ಅಷ್ಟೂ ಜನ ಬೂದಿಯ ಮೇಲೆ ಕುಕ್ಕರಿಸಿದರು. ಗೋಯಿತೋ ಮಾತ್ರ ದೂರ ನಿಂತು ಚಾತಾಳ ಕಿವಿಯ ಬೂದಿ ಒರೆಸುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

ಕ್ರೆಸೆನ್ಸಿಯಾ ಸೂಟಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

“ಹೆಸರು ಅದೇ, ದಿನ ಅದೇ. ಅಳತೆಯಂತೂ ಅವನದ್ದೇ,” ಎಂದಳು. “ತಗೊಳ್ಳೋರು ಇಲ್ಲೇ ಇದ್ದಾರಲ್ಲ.”

ಎಲ್ಲರೂ ತಿರುಗಿದರು. ಎಪಿಗ್ಮೆನಿಯೊ ಕಣ್ಣು ಮುಚ್ಚಿ ಏನೋ ಗೊಣಗಿದ, ಕಣ್ಣು ತೆರೆದು, ದೋನ್ ಗೋಯೋ ಒಪ್ಪಿದ್ದಾರೆ ಎಂದ. ಅಷ್ಟು ಬೇಗ ಬೆಟ್ಟದ ಮಾತು ಬಂದದ್ದು ಆ ಸ್ವೆಟರಿನ ವರ್ಷದ ನಂತರ ಇದೇ ಮೊದಲು. ಬಂಡೆಯ ಮೇಲೆ ಒಬ್ಬ ಮನುಷ್ಯ ಕೂತು ಊಟ ಮಾಡಲು ಅಡ್ಡಿಯಿದೆಯೇ ಎಂದು ನಯೇಲಿಯನ್ನು ಕೇಳಿದರು. ಅವಳು ಕೈಯಲ್ಲಿದ್ದ ರೇಡಿಯೊದಲ್ಲಿ ಮೇಲಿನವರನ್ನು ವಿಚಾರಿಸಿದಳು. ಅತ್ತಲಿಂದ, ಎಲುಬು ಎಸೆಯದಿದ್ದರೆ ಅಡ್ಡಿಯಿಲ್ಲ ಎಂದು ಅಪ್ಪಣೆ ಬಂತು.

ಗೋಯಿತೋ ಬೇಡವೆಂದ. ಬೇಡವೆಂದವನನ್ನು ನಾಲ್ವರು ಹಿಡಿದು ಚಾತಾಳ ಮರೆಯಲ್ಲಿ ಬಟ್ಟೆ ಬದಲಿಸಿದರು. ಕಂದು ಸೂಟು ಮೈಗೆ ಹೊಂದಿ ಕೂತಿತು. ಈ ಸಲ ಒಂದು ಸೂಜಿಯೂ ಚುಚ್ಚಲಿಲ್ಲ. ತಲೆಗೆ ಬಿಳಿ ಟೋಪಿ ಇಟ್ಟು, ಹೂವಿನ ಹಾರ ಹಾಕಿ, ಎತ್ತರದ ಬಂಡೆಯ ಮೇಲೆ ಕೂರಿಸಿ, ಮುಂದೆ ಧೂಪ ಹಾಕಿದರು. ಎಪಿಗ್ಮೆನಿಯೊ ಅವನ ಕಿವಿಯಲ್ಲಿ, “ಬಾಯಿ ಮಾತ್ರ ಬಿಡ್ಬೇಡ. ಕನಸಲ್ಲಿ ಬಿಟ್ರೆ ಅವರು ಯಾವತ್ತೂ ಮಾತಾಡಲ್ಲ” ಎಂದು ಎಚ್ಚರಿಸಿದ.

ಆಮೇಲೆ ಹಾಡಿದರು. ಫಿದೆನ್ಸಿಯೊ ಕುಂಟುತ್ತಲೇ ತುತ್ತೂರಿ ಎತ್ತಿದ. ಇಡೀ ಊರು ಗೋಯಿತೋನ ಮುಖವನ್ನೇ ನೋಡುತ್ತ ‘ಗ್ರೆಗೊರಿಯೊ’ ಎಂದು ಬಾಯಿತುಂಬ ಹಾಡಿತು. ಅವನು ಬಯಸಿದ್ದು ಇದನ್ನೇ. ಕೈ ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಒಳಜೇಬುಗಳಲ್ಲಿ ಇಟ್ಟುಕೊಂಡ.

ಹಾಡಿನ ಜೊತೆಗೇ ಹಬ್ಬ ಮುಗಿದಿದ್ದರೆ ಚೆನ್ನಾಗಿತ್ತು. ಹಾಡಾದ ಮೇಲೆ ಅಹವಾಲು ಎಂಬುದನ್ನು ಅವನು ಮರೆತೇಬಿಟ್ಟಿದ್ದ. ಜನ ಸಾಲುಗಟ್ಟಿದರು. ಒಬ್ಬಳು, ಒಗೆದ ಬಟ್ಟೆ ಹರವಿದಾಗಲೇ ಬೂದಿ ಸುರಿಸುತ್ತೀರಲ್ಲ, ಕಣ್ಣು ಕಾಣುವುದಿಲ್ಲವೇ ಎಂದು ಗದರಿಸಿದಳು. ಒಬ್ಬ ಹಿಂದಿನ ವರ್ಷದ ಆಲಿಕಲ್ಲಿಗೆ ಲೆಕ್ಕ ಕೇಳಿದ. ಒಬ್ಬ ಅಳಿಯನ ಮೇಲೆ ಸಿಡಿಲು ಕೇಳಿ, ಹಿಂದೆ ಮಗಳು ನಿಂತದ್ದು ನೋಡಿ, ಸಣ್ಣ ಸಿಡಿಲು ಸಾಕು ಎಂದು ತಿದ್ದಿಕೊಂಡ. ಫಿದೆನ್ಸಿಯೊನ ಸರದಿ ಬಂತು.

“ಯಜಮಾನ್ರೇ, ನಮ್ಮೂರಲ್ಲಿ ಗೋಯಿತೋ ಅಂತ ಒಬ್ಬ ಇದ್ದಾನೆ. ಅವನ ಕತ್ತೆ ನನ್ನ ಅವರೆ ಸಾಲೆಲ್ಲ ಮೇಯ್ತು. ಕೇಳಿದ್ರೆ ಜಿಂಕೆ ಅಂತಾನೆ. ನೀವೇ ನೋಡಿದೀರಲ್ಲ ಮೇಲಿಂದ.”

ಗೋಯಿತೋ ಎಲ್ಲವನ್ನೂ ನೋಡಿದ್ದ. ಅವನಿಗೆ ಬಾಯಿ ಬಿಡುವ ಹಾಗಿರಲಿಲ್ಲ. ಬೆಟ್ಟದ ಮೌನಕ್ಕೆ ಕಾರಣ ಏನಿರಬಹುದೆಂದು ಅವನಿಗೆ ಆಗ ಹೊಳೆಯಿತು.

ಕೊನೆಗೆ ಎರ್ಲಿಂಡಾ ಬಂದಳು. ಶಾಲು ತಲೆತುಂಬ ಎಳೆದುಕೊಂಡು, ಬೂದಿಯ ಮೇಲೆ ಮಂಡಿಯೂರಿ, ಕತ್ತು ಬಗ್ಗಿಸಿದಳು. ಮದುವೆಯಾದಂದಿನಿಂದ ಅವನಿಗೆ ‘ನೀನು’ ಎಂದೇ ಹೇಳಿದವಳು ಆ ದಿನ ಬೇರೆಯಾಗಿ ಮಾತಾಡಿದಳು.

“ದೋನ್ ಗೋಯೋ, ನನ್ನ ಗಂಡಾನೂ ನೀವು ಹುಟ್ಟಿದ ದಿನಾನೇ ಹುಟ್ಟಿದ್ದು. ಅದು ಅವನ ತಪ್ಪಲ್ಲ. ಒಳ್ಳೆ ತುಂಡೆಲ್ಲ ನಿಮಗೆ ಹಾಕಿ ತಳ ಹತ್ತಿದ್ದು ಅವನಿಗೆ ಕೊಟ್ಟೆ, ಒಂದ್ಸಲಾನೂ ಮುಖ ಗಂಟು ಹಾಕ್ಲಿಲ್ಲ. ಈ ಸಲ ಬಾಯಿಬಿಟ್ಟು ಕೇಳ್ದ. ನಿಮ್ಮ ಭಯಕ್ಕೆ ನಾನು ಅವನ ಬಾಯಿ ಮುಚ್ಚಿಸ್ದೆ.” ಅವಳು ಮೂಗು ಒರೆಸಿಕೊಂಡಳು. “ನಿಮಗೆ ಸಿಟ್ಟು ಬಂದ್ರೆ ಬೂದಿ ಬೀಳುತ್ತೆ, ಅದನ್ನ ಗುಡಿಸಿ ಹಾಕ್ತೀನಿ. ಅವನು ಒಂದಿನ ಇಲ್ಲ ಅಂದ್ರೆ ನಾನು ಏನನ್ನ ಗುಡಿಸ್ಲಿ? ಅವನನ್ನ ಚೆನ್ನಾಗಿಟ್ಟಿರಿ, ನಂಗೆ ಇನ್ನೇನೂ ಬೇಡ.”

ಗೋಯಿತೋನ ಕಣ್ಣಿನಿಂದ ನೀರು ಇಳಿದು ಬೂದಿ ಹತ್ತಿದ ಕೆನ್ನೆಯ ಮೇಲೆ ಗೆರೆ ಎಳೆಯಿತು. ದೋನ್ ಗೋಯೋ ಅಳುತ್ತಿದ್ದಾರೆ, ಈ ವರ್ಷ ಮಳೆ ಜೋರು ಎಂದು ಎಪಿಗ್ಮೆನಿಯೊ ಕೂಗಿ ಹೇಳಿದ. ಜನ ಚಪ್ಪಾಳೆ ಹೊಡೆದರು.

ಮಡಕೆ, ಹಣ್ಣು, ಹೆಂಡ ಎಲ್ಲವನ್ನೂ ಬಂಡೆಯ ಬುಡದಲ್ಲಿ ಇಟ್ಟರು. ಹೊರಡುವ ಮುನ್ನ ಎಪಿಗ್ಮೆನಿಯೊ ಪದ್ಧತಿಯಂತೆ ಎಲ್ಲರಿಗೂ ಎಚ್ಚರಿಕೆ ಕೊಟ್ಟ: ಕೊಟ್ಟದ್ದನ್ನು ಯಾರೂ ತಿರುಗಿ ನೋಡಕೂಡದು, ನೋಡಿದವರ ಹೊಲಕ್ಕೆ ಆಲಿಕಲ್ಲು. ಇಡೀ ಊರು ಕತ್ತು ನೆಟ್ಟಗಿಟ್ಟುಕೊಂಡು ಇಳಿಜಾರಿನಲ್ಲಿ ಇಳಿಯಿತು. ಎರ್ಲಿಂಡಾಳೂ ಇಳಿದಳು. ಗೋಯಿತೋ ಒಬ್ಬನೇ ಉಳಿದ, ಜೊತೆಗೆ ಹಗ್ಗದ ಬಳಿ ನಯೇಲಿ, ಹುಲ್ಲು ಮೇಯುತ್ತಿದ್ದ ಚಾತಾ. ಕೈಗೆಟುಕುವಲ್ಲಿ ತಟ್ಟೆತುಂಬ ಗೊಜ್ಜು ಇತ್ತು. ಬಯಸಿದ್ದೆಲ್ಲ ಸಿಕ್ಕಿತ್ತು. ಅವನಿಗೆ ಒಂದು ತುತ್ತೂ ಬೇಡವಾಯಿತು. ಇಷ್ಟು ವರ್ಷ ಹುಟ್ಟುಹಬ್ಬದ ದಿನ ಜನ ಬಿಟ್ಟು ಹೋದ ಮೇಲೆ ಬೆಟ್ಟಕ್ಕೂ ಹೀಗೇ ಆಗುತ್ತಿತ್ತೇನೋ ಎಂದು ಅದರ ಮೇಲೆ ಮೊದಲ ಬಾರಿಗೆ ಮರುಕ ಬಂತು.

ಇಳಿಯುತ್ತಿದ್ದ ಸಾಲಿನಲ್ಲಿ ಒಂದು ಶಾಲು ನಿಂತಿತು. ನಿಂತು, ತಿರುಗಿತು. ಪಕ್ಕದ ಹೆಂಗಸರು ನೋಡಬೇಡ ಕಣೇ ಎಂದು ಕೂಗಿಕೊಂಡರು, ಅವಳ ಕಡೆ ತಾವು ನೋಡುವ ಹಾಗಿಲ್ಲದೆ ಕತ್ತು ಮುಂದಕ್ಕೇ ಇಟ್ಟುಕೊಂಡು. ಎರ್ಲಿಂಡಾ ಬೂದಿಯಲ್ಲಿ ಜಾರುತ್ತ, ಬೈದುಕೊಳ್ಳುತ್ತ, ಮತ್ತೆ ಮೇಲಕ್ಕೆ ಹತ್ತಿ ಬಂದಳು. ಶಾಲಿನೊಳಗೆ ಬಟ್ಟೆಯಲ್ಲಿ ಸುತ್ತಿದ ಮುಸುಕಿನ ಜೋಳದ ರೊಟ್ಟಿಗಳು ಇನ್ನೂ ಬೆಚ್ಚಗಿದ್ದವು.

“ಜರುಗು,” ಎಂದಳು.

“ಆಲಿಕಲ್ಲು ಬೀಳುತ್ತಲ್ಲೇ. ನಮ್ಮ ಹೊಲಕ್ಕೆ,” ಎಂದ ಗೋಯಿತೋ, ಬಾಯಿ ಬಿಡಬಾರದೆಂಬುದನ್ನು ಮರೆತು.

“ನಂಗೂ ಗೊತ್ತು. ಜರುಗಯ್ಯ, ಕಾಲು ಬಿದ್ಹೋಗಿದೆ.”

ಅವನು ಜರುಗಿ ಜಾಗ ಕೊಟ್ಟ. ಇಬ್ಬರೂ ಸಾಕೆನ್ನುವಷ್ಟು ಉಂಡು, ನಯೇಲಿಗೂ ಒಂದು ತಟ್ಟೆ ಕೊಟ್ಟರು. ಅವಳು ಎಲುಬುಗಳನ್ನು ತಾನೇ ಎಣಿಸಿ ಚೀಲಕ್ಕೆ ಹಾಕಿಕೊಂಡಳು.

ಜೂನ್‌ನಲ್ಲಿ ಆಲಿಕಲ್ಲು ಬಿತ್ತು. ಎರ್ಲಿಂಡಾಳ ಹೊಲಕ್ಕೂ ಬಿತ್ತು, ತಿರುಗಿ ನೋಡದವರ ಹೊಲಗಳಿಗೂ ಬಿತ್ತು. ಆದರೂ ಊರವರೆಲ್ಲ ಬಂದು ಅವಳ ಬೇಲಿಯ ಮುಂದೆಯೇ ನಿಂತರು. ಎಪಿಗ್ಮೆನಿಯೊ ಮಲಗಿದ ಜೋಳದ ಪೈರನ್ನು ಕೋಲಿನಿಂದ ಎತ್ತಿ ತೋರಿಸಿ, ಅವತ್ತು ತಿರುಗಿ ನೋಡಿದವಳು ಯಾರು ಎಂದು ಎಲ್ಲರ ಮುಂದೆ ಕೇಳಿದ. ಗೋಯಿತೋ ಪೈರಿನ ನಡುವೆ ಬಗ್ಗಿ, ಉಳಿದದ್ದಕ್ಕೆ ಮಣ್ಣು ಏರಿಸುತ್ತಿದ್ದವನು, ಹೆಂಡತಿಯ ಪರವಾಗಿ ಏನು ಹೇಳಲಿ ಎಂದು ತಡವರಿಸಿದ. ಎರ್ಲಿಂಡಾ ಗುದ್ದಲಿ ಊರಿ ನೆಟ್ಟಗೆ ನಿಂತಳು.

“ನಾನೇ ನೋಡಿದ್ದು,” ಎಂದಳು. “ಬರೋ ವರ್ಷಾನೂ ನೋಡ್ತೀನಿ.”